ಕಾಂಪೌಂಡಿನ ಆಚೆಗಿನ ಮೂರು ಅಡಿ

ಮುಂಗಾರು ಹತ್ತಿರವಾದಂತೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಗಿಡ ನೆಡುವುದನ್ನು ಕುರಿತ ಪತ್ರಗಳು ಬರತೊಡಗುತ್ತವೆ. ಈ ಬಾರಿ ಬಂದವುಗಳಲ್ಲಿ ಹೆಚ್ಚಿನವು ಮನೆಯ ಅಥವಾ ಜಮೀನಿನ ರಸ್ತೆ ಬದಿಯ ಅಂಚಿಗೆ ಸಂಬಂಧಿಸಿವೆ. ಕಾಂಪೌಂಡಿಗೂ ಚರಂಡಿಗೂ ನಡುವಿನ ಕಿರಿದಾದ ಪಟ್ಟಿ, ರಸ್ತೆಗೆ ಇಳಿಯುವ ದರೆ (ಕಡಿದಾದ ಮಣ್ಣಿನ ಅಂಚು), ದನಕರು ನುಗ್ಗುವ ಬೇಲಿ, ಬೇರು ಎದ್ದು ನಿಂತ ಹಳೆಯ ಮರ, ಹೀಗೆ. ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಈ ಅಂಚು ನಮಗೆ ಮನೆಯ ಮುಂಭಾಗವಾದರೂ ದಾರಿಯಲ್ಲಿ ಹೋಗುವವರಿಗೆ ರಸ್ತೆಯ ಭಾಗವೇ ಆಗಿದೆ. ಆದ್ದರಿಂದ ಅಲ್ಲಿ ಮೊದಲು ನೀರು ಹರಿಯಬೇಕು, ಜನ ನಡೆಯಬೇಕು, ತಿರುವಿನಲ್ಲಿ ಬರುವ ವಾಹನ ಕಾಣಬೇಕು. ಈ ಮೂರಕ್ಕೂ ಎಡೆ ಬಿಟ್ಟ ಮೇಲೆ ಉಳಿಯುವ ಜಾಗಕ್ಕೆ ತಕ್ಕ ಗಿಡವನ್ನು ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಉತ್ತರಗಳೆಲ್ಲ ಆ ದೃಷ್ಟಿಯಿಂದಲೇ ಬರೆದವು.

ಪ್ರಶ್ನೆ: ಹೊಸ ಬಡಾವಣೆಯೊಂದರ ಮೂಲೆ ನಿವೇಶನದಲ್ಲಿ ಮನೆ ಕಟ್ಟಿಸಿದ್ದೇವೆ. ಕಾಂಪೌಂಡು ಗೋಡೆಗೂ ಚರಂಡಿಗೂ ನಡುವೆ ಮೂರು ಅಡಿ ಅಗಲ, ಮೂವತ್ತು ಅಡಿ ಉದ್ದದ ಮಣ್ಣಿನ ಪಟ್ಟಿ ಉಳಿದಿದೆ. ಅಕ್ಕಪಕ್ಕದವರೆಲ್ಲ ಅಲ್ಲಿಗೆ ಟೈಲ್ಸ್ ಹಾಕಿಸಿದ್ದಾರೆ. ಹಾಗೆಯೇ ಬಿಟ್ಟರೆ ಕಳೆ ಬೆಳೆದು ಹಾವು ಸೇರಿಕೊಳ್ಳುತ್ತದೆಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ನನಗೆ ಗಿಡ ಬೆಳೆಸುವ ಆಸೆ. ಏನು ಮಾಡಲಿ?
(ಓದುಗರು, ಹಾಸನ)

ಉತ್ತರ: ಆ ಪಟ್ಟಿಯನ್ನು ಮಣ್ಣಾಗಿಯೇ ಉಳಿಸಿಕೊಳ್ಳಿ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ನಿಮ್ಮ ಪಟ್ಟಿಯ ವಿಸ್ತೀರ್ಣ ಸುಮಾರು 8.4 ಚದರ ಮೀಟರಾಗುತ್ತದೆ. 50 ಮಿಲಿಮೀಟರಿನ ಒಂದು ಜೋರು ಮಳೆಯಲ್ಲಿ ಅಷ್ಟು ಜಾಗದ ಮೇಲೆ ಬೀಳುವ ನೀರೇ 400 ಲೀಟರನ್ನು ಮೀರುತ್ತದೆ. ಟೈಲ್ಸ್ ಹಾಕಿಸಿದರೆ ಅದರಲ್ಲಿ ಹನಿಯೂ ಇಂಗದೆ ಒಮ್ಮೆಲೇ ಚರಂಡಿಗೆ ಇಳಿಯುತ್ತದೆ. ಸಾಲಿನ ಎಲ್ಲ ಮನೆಯವರೂ ಹಾಗೆಯೇ ಮಾಡಿದಾಗ ಚರಂಡಿ ತುಂಬಿ, ತಗ್ಗಿನ ತುದಿಯಲ್ಲಿರುವ ಮನೆಯವರ ಗೇಟಿನೊಳಗೆ ನೀರು ನುಗ್ಗುತ್ತದೆ. ಇನ್ನು ಹಾವಿನ ಮಾತು. ಹಾವು ಬರುವುದು ಇಲಿ, ಕಪ್ಪೆಗಳ ಹಿಂದೆ. ಅದು ಅಡಗುವುದು ಇಟ್ಟಿಗೆಯ ರಾಶಿ, ಸೌದೆಯ ರಾಶಿ, ಒಣಗಿದ ಕಸದ ಸಂದಿಗಳಲ್ಲಿ. ಗಿಡದ ಬುಡದಲ್ಲಿ ಅರ್ಧ ಅಡಿಯಷ್ಟು ರೆಂಬೆ ಸವರಿ, ನೆಲ ಕಾಣುವಂತೆ ಇಟ್ಟುಕೊಂಡರೆ ಆ ಭಯಕ್ಕೆ ಕಾರಣ ಕಡಿಮೆ.

ನೆಡುವುದಕ್ಕೆ ಮುಂಚೆ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲನೆಯದಾಗಿ, ಬಡಾವಣೆಯ ನಕ್ಷೆಯನ್ನು ತೆಗೆದು ಆ ಮೂರು ಅಡಿ ಯಾರದೆಂದು ನೋಡಿ. ಸಾಮಾನ್ಯವಾಗಿ ಕಾಂಪೌಂಡಿನ ಆಚೆಗಿರುವುದು ರಸ್ತೆಗೆ ಸೇರಿದ ಜಾಗವೇ ಆಗಿರುತ್ತದೆ. ಅಲ್ಲಿ ಗಿಡ ಸಾಕುವುದಕ್ಕೆ ಯಾರೂ ಬೇಡವೆನ್ನಲಿಕ್ಕಿಲ್ಲ, ಆದರೆ ಕಟ್ಟೆ ಕಟ್ಟುವುದು, ಸರಪಳಿ ಬಿಗಿಯುವುದು, ಗ್ರಿಲ್ ಹಾಕಿಸುವುದು ಒತ್ತುವರಿಯಾಗುತ್ತದೆ. ಎರಡನೆಯದಾಗಿ, ನಲ್ಲಿಯ ಪೈಪು, ಒಳಚರಂಡಿಯ ಸಂಪರ್ಕ ಮತ್ತು ಕೇಬಲ್ಲುಗಳು ಎಲ್ಲಿ ಹಾದುಹೋಗಿವೆಯೆಂದು ಪ್ಲಂಬರನನ್ನು ಕೇಳಿ, ಕಾಂಪೌಂಡಿನ ಒಳಮುಖದಲ್ಲಿ ಬಣ್ಣದಿಂದ ಗುರುತು ಮಾಡಿಡಿ. ಮುಂದೆ ಪೈಪು ಒಡೆದು ಅಗೆಯಬೇಕಾಗಿ ಬಂದಾಗ ಯಾವ ಗಿಡವನ್ನು ಕೀಳಬೇಕು, ಯಾವುದನ್ನು ಮುಟ್ಟಬೇಕಾಗಿಲ್ಲ ಎಂಬುದು ಆ ಗುರುತಿನಿಂದ ತಿಳಿಯುತ್ತದೆ. ಚರಂಡಿಯ ಮೇಲಿನ ಚಪ್ಪಡಿಗಳನ್ನೂ ಸಿಮೆಂಟಿನಿಂದ ಬೆಸೆಯಬೇಡಿ. ಹೂಳು ತೆಗೆಯಲು ಬಂದವರು ಅವನ್ನು ಎತ್ತುವಂತಿರಬೇಕು.

ಹೊಸ ಮನೆಯ ಮುಂದಿನ ಮಣ್ಣು ಹೆಸರಿಗೆ ಮಾತ್ರ ಮಣ್ಣು. ಹಾರೆಯಿಂದ ಒಂದು ಅಡಿ ಅಗೆದು ನೋಡಿ. ಗಾರೆಯ ಹೆಂಟೆ, ಇಟ್ಟಿಗೆ ಚೂರು, ಕಟ್ಟುತಂತಿಯ ತುಂಡು, ಸಿಮೆಂಟು ಚೀಲದ ಹರಕು ಸಿಗುತ್ತವೆ. ಮೇಸ್ತ್ರಿ ಗಾರೆ ಕಲಸಿದ ಜಾಗವಾಗಿದ್ದರಂತೂ ಹಲಗೆಯಂತಹ ಗಟ್ಟಿ ಪದರವೇ ಇರುತ್ತದೆ, ಅದರ ಮೇಲೆ ನೀರು ನಿಂತು ಬೇರು ಕೊಳೆಯುತ್ತದೆ. ಆದ್ದರಿಂದ ಒಂದೂವರೆ ಅಡಿ ಆಳದವರೆಗೆ ಅದನ್ನೆಲ್ಲ ತೆಗೆಸಿ, ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. ತುಂಬುವಾಗ ಮಣ್ಣಿನ ಮಟ್ಟ ಸುತ್ತಲಿನ ನೆಲಕ್ಕಿಂತ ಎರಡು ಮೂರು ಅಂಗುಲ ತಗ್ಗಿನಲ್ಲಿರಲಿ. ಹೆಚ್ಚಿನವರು ದಿಬ್ಬದಂತೆ ಏರಿಸುತ್ತಾರೆ, ಮೊದಲ ಮಳೆಗೇ ಆ ಮಣ್ಣು ಚರಂಡಿ ಸೇರುತ್ತದೆ. ತಗ್ಗಿನಲ್ಲಿದ್ದರೆ ಗೇಟಿನ ಮುಂದಿನ ನೀರೂ ಹರಿದು ಬಂದು ಅಲ್ಲಿಯೇ ಇಂಗುತ್ತದೆ.

ಮೂಲೆಯ ತಿರುವಿನಿಂದ ಎರಡೂ ಬದಿಗೆ ಎಂಟು ಹತ್ತು ಅಡಿಯವರೆಗೆ ಎರಡೂವರೆ ಅಡಿಗಿಂತ ಎತ್ತರಕ್ಕೆ ಏರುವ ಯಾವುದನ್ನೂ ನೆಡಬೇಡಿ. ಸೈಕಲ್ಲಿನಲ್ಲಿ ಬರುವ ಮಗು ಕಾರಿನವನ ಕಣ್ಣಿಗೆ ಬೀಳಬೇಕಾದ ಜಾಗವದು. ಅಲ್ಲಿಗೆ ಗಿಡ್ಡ ತಳಿಯ ಕೇಪಳ, ನಿತ್ಯಪುಷ್ಪ, ದೊಡ್ಡಪತ್ರೆ ಹೊಂದುತ್ತವೆ. ಉಳಿದ ಉದ್ದಕ್ಕೆ ನಂದಿಬಟ್ಟಲು, ದಾಸವಾಳ, ಸ್ಫಟಿಕದ ಗಿಡಗಳನ್ನು ಎರಡೂವರೆ ಅಡಿಗೊಂದರಂತೆ ಕೂರಿಸಬಹುದು. ಮೊದಲ ವರ್ಷ ಅವು ವಿರಳವಾಗಿ ಕಾಣುತ್ತವೆಂದು ನಡುವೆ ಇನ್ನೊಂದು ಸಾಲು ತುರುಕಬೇಡಿ. ಬೋಗನ್‌ವಿಲ್ಲಾ ಬಯಸುವಿರಾದರೆ ಅದನ್ನು ಗೋಡೆಯ ಒಳಗೆ ನೆಟ್ಟು ಮೇಲಕ್ಕೆ ಹಬ್ಬಿಸಿ. ನಡೆಯುವವರ ಭುಜದ ಮಟ್ಟದಲ್ಲಿ ಅದರ ಮುಳ್ಳು ಇರಬಾರದು. ನರ್ಸರಿಗಳಲ್ಲಿ ಫೈಕಸ್ ಜಾತಿಯ ಹೊಳಪೆಲೆಯ ಗಿಡಗಳನ್ನೂ ಕೊನೊಕಾರ್ಪಸ್ ಎಂಬ ಗಿಡವನ್ನೂ ಬೇಗ ಬೆಳೆದು ಮರೆ ಕೊಡುವ ಬೇಲಿಯೆಂದು ಕೊಡುತ್ತಾರೆ. ಮೊದಲನೆಯದು ನಮ್ಮ ಆಲ, ಅತ್ತಿಯ ಬಳಗ. ಅದರ ಬೇರಿಗೆ ಮೂರು ಅಡಿ ಏನೇನೂ ಸಾಲದು. ಎರಡನೆಯದನ್ನು ನೆಡುವುದನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಎರಡನ್ನೂ ದೂರವಿಡಿ.

ಪ್ರಶ್ನೆ: ನಮ್ಮ ಕಾಂಪೌಂಡಿಗೆ ಒರಗಿಕೊಂಡ ದಾಸವಾಳ ಮತ್ತು ಕಣಗಿಲೆ ಗಿಡಗಳಲ್ಲಿ ಹೂ ಅರಳುವ ಮೊದಲೇ, ಬೆಳಗಿನ ಜಾವದ ವಾಕಿಂಗಿಗೆ ಬರುವವರು ಮೊಗ್ಗಿನ ಸಮೇತ ಕಿತ್ತುಕೊಂಡು ಹೋಗುತ್ತಾರೆ. ಕೊಂಬೆಗಳೂ ಮುರಿಯುತ್ತಿವೆ. ಏನಾದರೂ ಉಪಾಯವಿದೆಯೇ?
(ಓದುಗರು, ಚಿಕ್ಕಮಗಳೂರು)

ಉತ್ತರ: ಹೂ ಕೀಳುವವರು ಎಲ್ಲ ಊರಿನಲ್ಲೂ ಇದ್ದಾರೆ, ಅವರನ್ನು ತಡೆಯುವುದಕ್ಕಿಂತ ಗಿಡದ ಸ್ಥಾನ ಬದಲಿಸುವುದು ಸುಲಭ. ನಿಮಗೆ ಪೂಜೆಗೆ ಬೇಕಾದ ದಾಸವಾಳವನ್ನು ಗೋಡೆಯಿಂದ ನಾಲ್ಕು ಅಡಿ ಒಳಕ್ಕೆ ನೆಡಿ. ಹೊರಗಿನ ಅಂಚಿಗೆ ನಂದಿಬಟ್ಟಲನ್ನು ಇಡಿ. ಅದು ವರ್ಷದ ಬಹುಪಾಲು ಹೂ ಬಿಡುತ್ತದೆ, ಕಿತ್ತಷ್ಟೂ ಚಿಗುರುತ್ತದೆ, ನಾಲ್ಕು ಜನ ಒಯ್ದ ಮೇಲೂ ನಿಮಗೆ ಉಳಿಯುತ್ತದೆ. ದಾರಿಯವರಿಗೆಂದೇ ಒಂದು ಗಿಡ ಬಿಡುವುದು ನಮ್ಮ ಕಡೆಯ ಹಳೆಯ ಮನೆಗಳಲ್ಲಿದ್ದ ರೂಢಿ, ಅದು ಇಂದಿಗೂ ಚೆನ್ನ. ಕಣಗಿಲೆಯ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ಕೆಂಪು, ಹಳದಿ ಎರಡೂ ಕಣಗಿಲೆಗಳ ಎಲ್ಲ ಭಾಗಗಳಲ್ಲೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ; ಹಳದಿ ಕಣಗಿಲೆಯ ಬೀಜವಂತೂ ಪ್ರಾಣಾಪಾಯ ತರುವಂಥದು. ಶಾಲೆಯ ಮಕ್ಕಳು ಓಡಾಡುವ ಬೀದಿಯ ಅಂಚಿನಲ್ಲಿ ಅದು ಬೇಡ.

ಪ್ರಶ್ನೆ: ನಮ್ಮ ಮನೆ ರಸ್ತೆಗಿಂತ ಹನ್ನೆರಡು ಅಡಿ ಎತ್ತರದಲ್ಲಿದೆ. ರಸ್ತೆ ಅಗಲ ಮಾಡುವಾಗ ಜೆಸಿಬಿಯಿಂದ ದರೆಯನ್ನು ನೇರವಾಗಿ ಕಡಿದರು. ಪ್ರತಿ ಮಳೆಗಾಲದಲ್ಲೂ ಮಣ್ಣು ಜಾರಿ ರಸ್ತೆಗೆ ಬೀಳುತ್ತಿದೆ. ದರೆಯ ತಲೆಯ ಮೇಲೆ ಸಿಲ್ವರ್ ಓಕ್ ಸಾಲು ನೆಟ್ಟರೆ ಬೇರು ಹಿಡಿದುಕೊಳ್ಳುತ್ತದೆಂದು ಕೆಲವರು, ಇಂಗುಗುಂಡಿ ತೆಗೆಸಿ ನೀರು ನಿಲ್ಲಿಸಿರೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ?
(ಕಾಫಿ ಬೆಳೆಗಾರರು, ಮೂಡಿಗೆರೆ ತಾಲೂಕು)

ಉತ್ತರ: ಎರಡನ್ನೂ ಮಾಡಬೇಡಿ. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಿಮ್ಮ ತಾಲೂಕಿನಲ್ಲಿ ದರೆ ಕುಸಿಯುವುದಕ್ಕೆ ಮುಖ್ಯ ಕಾರಣ ಮಣ್ಣಿನೊಳಗೆ ಸೇರಿಕೊಂಡ ನೀರು. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ನೇರವಾಗಿ ಕಡಿದ ಮುಖಕ್ಕೆ ಆಸರೆಯಿಲ್ಲದ್ದರಿಂದ ಅದು ಕೆಳಕ್ಕೆ ಬರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ನಿಮ್ಮ ತಾಲೂಕಿನ ಗುಡ್ಡಗಳು ಜಾರಿದ್ದನ್ನು ನೀವೇ ಬಲ್ಲಿರಿ. ಬಯಲಿನಲ್ಲಿ ಬಹಳ ಒಳ್ಳೆಯದಾದ ಇಂಗುಗುಂಡಿ ದರೆಯ ತಲೆಯ ಮೇಲೆ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ. ಸಿಲ್ವರ್ ಓಕ್ ಎತ್ತರಕ್ಕೆ ಏರುವ ಮರ, ಅಂಚಿನಲ್ಲಿದ್ದರೆ ಆಷಾಢದ ಗಾಳಿಗೆ ತೂಗಿ ಬುಡದ ಮಣ್ಣನ್ನು ಬಾಯಿ ಬಿಡಿಸುತ್ತದೆ. ಆ ಬಿರುಕಿನೊಳಗೆ ನೀರು ಇಳಿದು, ಮರದೊಡನೆ ದರೆಯೂ ರಸ್ತೆಗೆ ಬರುತ್ತದೆ.

ಮೊದಲು ಮೇಲಿನಿಂದ ಬರುವ ನೀರನ್ನು ತಿರುಗಿಸಿ. ದರೆಯ ಅಂಚಿನಿಂದ ನಾಲ್ಕೈದು ಅಡಿ ಹಿಂದೆ, ಅಂಚಿಗೆ ಸಮಾನಾಂತರವಾಗಿ ಒಂದು ಬಸಿಗಾಲುವೆಯನ್ನು ತೆಗೆಸಿ, ಅದರ ತಳಕ್ಕೆ ಕಲ್ಲು ಹಾಸಿ ಗಾರೆ ಮಾಡಿಸಿ, ನೀರು ಎಲ್ಲಿಯೂ ನಿಲ್ಲದೆ ಪಕ್ಕದ ಗಟ್ಟಿ ಹಳ್ಳಕ್ಕೋ ರಸ್ತೆಯ ಮೋರಿಗೋ ಸೇರುವಂತೆ ಇಳಿಜಾರು ಕೊಡಿಸಿ. ಮನೆಯ ಮಾಡಿನ ನೀರು ಕೂಡ ಅಂಗಳದಲ್ಲಿ ಹರಡದೆ ಈ ಕಾಲುವೆಗೇ ಬರಲಿ. 100 ಚದರ ಮೀಟರಿನ ಮಾಡಿನ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೂ ಸಾವಿರ ಲೀಟರಾಗುತ್ತದೆ. ಬಳಿಕ ಆ ನೇರ ಮುಖವನ್ನು ಹಿಂದಕ್ಕೆ ಓರೆ ಮಾಡಿಸಬೇಕು, ಅಥವಾ ಎರಡು ಮೆಟ್ಟಿಲಾಗಿ ಕಡಿಸಬೇಕು. ಬುಡದಲ್ಲಿ ಸೈಜುಗಲ್ಲಿನ ತಡೆಗೋಡೆ ಕಟ್ಟಿಸುವುದಾದರೆ ಅದರಲ್ಲಿ ನೀರು ಹೊರಬರುವ ತೂತುಗಳನ್ನು ಬಿಡಿಸಿ, ಗೋಡೆಯ ಹಿಂದೆ ಮಣ್ಣಿಗೆ ಬದಲು ಜಲ್ಲಿ ತುಂಬಿಸಿ. ತೂತಿಲ್ಲದ ಗೋಡೆ ಎಷ್ಟು ದಪ್ಪವಿದ್ದರೂ ಹಿಂದಿನ ನೀರಿನ ಒತ್ತಡಕ್ಕೆ ಉಬ್ಬಿ ಬೀಳುತ್ತದೆ.

ಗಿಡದ ಮಾತು ಇಷ್ಟೆಲ್ಲ ಆದ ಮೇಲೆ. ಓರೆ ಮಾಡಿದ ಮುಖಕ್ಕೆ ಲಾವಂಚಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಅದರ ಬೇರು ಅಡ್ಡಕ್ಕೆ ಹರಡದೆ ನೇರವಾಗಿ ಎರಡು ಮೂರು ಮೀಟರು ಆಳಕ್ಕೆ ಇಳಿಯುತ್ತದೆ, ಎಲೆಯ ಸಾಲು ಹರಿದು ಬರುವ ಮಣ್ಣನ್ನು ತಡೆದು ಹಿಡಿಯುತ್ತದೆ. ಬುಡವನ್ನು ಸೀಳಿದ ಮರಿಗಳನ್ನು ನಾಲ್ಕರಿಂದ ಆರು ಅಂಗುಲಕ್ಕೊಂದರಂತೆ ಒತ್ತಾಗಿ, ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗುವ ಸಾಲಿನಲ್ಲಿ ನೆಡಬೇಕು. ಸಾಲಿನಿಂದ ಸಾಲಿಗೆ ಮೂರು ನಾಲ್ಕು ಅಡಿ ಎತ್ತರದ ಅಂತರ ಸಾಕು. ಒಂದು ಮರಿ ಸತ್ತು ಸಾಲಿನಲ್ಲಿ ಸಂದಿಯಾದರೆ ನೀರೆಲ್ಲ ಅಲ್ಲಿಂದಲೇ ನುಗ್ಗಿ ಕೊರಕಲು ಮಾಡುವುದರಿಂದ ಮೊದಲ ತಿಂಗಳಲ್ಲಿಯೇ ಸಂದಿ ತುಂಬಬೇಕು. ನೆಡುವ ಕೆಲಸ ರೋಹಿಣಿ ಮಳೆಯಲ್ಲಿ, ಬಹಳವೆಂದರೆ ಮೃಗಶಿರಾ ಮಳೆಯೊಳಗೆ ಮುಗಿಯಲಿ. ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ ಬೇರು ಇಳಿದಿರಬೇಕು, ಆ ದಿನಗಳಲ್ಲಿ ದರೆಗೆ ಗುದ್ದಲಿ ತಾಗಿಸಲೇಬಾರದು. ದರೆಯ ಮೇಲೆ ತಾನಾಗಿ ಬೆಳೆದ ಜರೀಗಿಡ, ಪಾಚಿ, ಹುಲ್ಲುಗಳನ್ನು ಮಳೆಗೆ ಮುಂಚೆ ಕೆರೆದು ಚೊಕ್ಕ ಮಾಡುವ ಕೆಲಸವನ್ನೂ ಬಿಡಿ, ಮಣ್ಣನ್ನು ಈಗ ಹಿಡಿದಿರುವುದು ಅವೇ.

ಅಂಗಳದ ಅಂಚಿಗೆ ಸಮನಾಗಿ ಬಿರುಕು ಕಂಡರೆ, ವಿದ್ಯುತ್ ಕಂಬವೋ ಮರವೋ ಓರೆಯಾದರೆ, ದರೆಯ ಬುಡದಿಂದ ಇದ್ದಕ್ಕಿದ್ದಂತೆ ಕೆಸರು ನೀರು ಒಸರತೊಡಗಿದರೆ, ಅದು ಗಿಡದಿಂದ ಆಗುವ ಕೆಲಸವಲ್ಲ. ಆ ಬದಿಯ ಕೋಣೆಯಲ್ಲಿ ಮಲಗುವುದನ್ನು ಆ ರಾತ್ರಿಯಿಂದಲೇ ನಿಲ್ಲಿಸಿ, ಗ್ರಾಮ ಪಂಚಾಯಿತಿಗೆ ತಿಳಿಸಿ, ಎಂಜಿನಿಯರೊಬ್ಬರನ್ನು ಕರೆಸಿ ತೋರಿಸಿ.

ಪ್ರಶ್ನೆ: ಗೇಟಿನ ಪಕ್ಕ, ವಿದ್ಯುತ್ ತಂತಿಯ ಕೆಳಗೆ ನೆರಳಿಗಾಗಿ ಒಂದು ಮರ ಬೆಳೆಸಬೇಕು. ಯಾವುದು ಸೂಕ್ತ?
(ಓದುಗರು, ಕಡೂರು)

ಉತ್ತರ: ತಂತಿಯ ಕೆಳಗೆ ಮರವೇ ಬೇಡ. ಹತ್ತು ಹನ್ನೆರಡು ಅಡಿಯಲ್ಲಿ ನಿಲ್ಲಿಸಬಹುದಾದ ಗಿಡವೆಂದರೆ ಪಾರಿಜಾತ, ಅದಕ್ಕಾಗಿ ಅದನ್ನು ಪ್ರತಿವರ್ಷ ಹೂವಿನ ಕಾಲ ಮುಗಿದ ಮೇಲೆ ಸವರಬೇಕು. ನೆರಳೇ ಬೇಕಾದರೆ ತಂತಿಯಿಂದ ಹದಿನೈದು ಅಡಿಯಾದರೂ ಆಚೆ, ನಿವೇಶನದ ಒಳಗೆ, ಬಸವನಪಾದವನ್ನೋ ಕಕ್ಕೆಯನ್ನೋ ನೆಡಿ. ಈಗಾಗಲೇ ತಂತಿಗೆ ತಾಗಿದ ಕೊಂಬೆಯನ್ನು ನೀವು ಕಡಿಯಬೇಡಿ, ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂ ಕಚೇರಿಗೂ ಹಾಸನ ಜಿಲ್ಲೆಯವರು ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಗೂ ತಿಳಿಸಿ, ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸಿದ ಮೇಲಷ್ಟೇ ಆ ಕೆಲಸ ಆಗಬೇಕು.

ಪ್ರಶ್ನೆ: ರಸ್ತೆಯ ಉದ್ದಕ್ಕೂ ನಮ್ಮ ತೆಂಗಿನ ತೋಟವಿದೆ. ತಂತಿ ಬೇಲಿಗೆ ಖರ್ಚು ಬಹಳ. ಹಾಕಿದ ಗಿಡವನ್ನೆಲ್ಲ ಕುರಿ, ಮೇಕೆಗಳು ತಿನ್ನುತ್ತವೆ. ಲಂಟಾನವನ್ನು ಯಾವ ಪ್ರಾಣಿಯೂ ಮುಟ್ಟದ ಕಾರಣ ಅದನ್ನೇ ಬೇಲಿಯಾಗಿ ಬೆಳೆಸಬಹುದೇ?
(ರೈತರು, ಅರಸೀಕೆರೆ ತಾಲೂಕು)

ಉತ್ತರ: ದಯವಿಟ್ಟು ಬೇಡ. ಲಂಟಾನ ನಮ್ಮ ದೇಶಕ್ಕೆ 19ನೆಯ ಶತಮಾನದ ಆರಂಭದಲ್ಲಿ ಬಂದದ್ದೇ ಅಲಂಕಾರದ ಗಿಡವಾಗಿ. ಅಂಚಿನಲ್ಲಿ ಚೆಂದವೆಂದು ನೆಟ್ಟದ್ದು ಹಕ್ಕಿಗಳ ಮೂಲಕ ಬೀಜ ಹರಡಿ ಕಾಡನ್ನೇ ಹೊಕ್ಕಿತು. ಬಂಡೀಪುರದ ಕಾಡಿನೊಳಗೆ ಹುಲ್ಲು ಬೆಳೆಯಲಾಗದಷ್ಟು ದಟ್ಟವಾಗಿ ಅದು ಹಬ್ಬಿರುವುದನ್ನು ಆ ದಾರಿಯಲ್ಲಿ ಹೋದವರು ಕಂಡಿರುತ್ತಾರೆ. ಮೇವಿಲ್ಲದ ಕಾಲದಲ್ಲಿ ಅದನ್ನು ತಿಂದ ದನಗಳಿಗೆ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ನಿಮ್ಮ ಅಂಚಿನಿಂದ ಅದು ನೆರೆಯವರ ಹೊಲಕ್ಕೂ ಗೋಮಾಳಕ್ಕೂ ಹೋಗುವುದನ್ನು ನೀವು ತಡೆಯಲಾರಿರಿ.

ಬಯಲುಸೀಮೆಯ ಹಿರಿಯರು ತಂತಿಯಿಲ್ಲದೆ ತೋಟಗಳನ್ನು ಕಾಯ್ದುಕೊಂಡದ್ದು ಅಗಳು, ಬದು ಮತ್ತು ಜೀವಂತ ಬೇಲಿಗಳಿಂದ. ಅದನ್ನೇ ಮತ್ತೆ ಮಾಡಿ. ಮೊದಲು ಹದ್ದುಬಸ್ತು ಅಳತೆಗೆ ಅರ್ಜಿ ಕೊಟ್ಟು, ಭೂಮಾಪಕರಿಂದ ಗಡಿ ಗುರುತಿಸಿಕೊಳ್ಳಿ. ಬೇಲಿ ಒಮ್ಮೆ ಬೆಳೆದ ಮೇಲೆ ರಸ್ತೆಯ ಜಾಗದಲ್ಲಿದೆಯೆಂದು ಕೀಳಬೇಕಾಗಿ ಬಂದರೆ ಐದಾರು ವರ್ಷಗಳ ಶ್ರಮ ಹಾಳು. ಗಡಿಯಿಂದ ಒಳಗೆ ಎರಡು ಅಡಿ ಆಳದ ಅಗಳು ತೆಗೆದು, ಆ ಮಣ್ಣನ್ನು ತೋಟದ ಬದಿಗೆ ಬದುವಾಗಿ ಏರಿಸಿ. ಮಳೆಯ ನೀರು ಅಗಳಿನಲ್ಲಿ ನಿಂತು ಇಂಗಿ ಬದುವಿನ ಗಿಡಗಳಿಗೂ ತೆಂಗಿಗೂ ಸಿಗುತ್ತದೆ. ಮೂಡಿಗೆರೆಯವರಿಗೆ ಬೇಡವೆಂದ ಕೆಲಸವೇ ಸಮತಟ್ಟಾದ, ಮಳೆ ಕಡಿಮೆಯಿರುವ ನಿಮ್ಮ ನೆಲದಲ್ಲಿ ಮಾಡಲೇಬೇಕಾದದ್ದು.

ಬದುವಿನ ಹೊರ ಇಳಿಜಾರಿಗೆ ಕತ್ತಾಳೆಯ ಮರಿಗಳನ್ನು ಎರಡೂವರೆ ಅಡಿಗೊಂದರಂತೆ ಕೂರಿಸಿ. ಅದರ ಎಲೆಯ ತುದಿಯ ಮುಳ್ಳು ದಾರಿಹೋಕರ ಕಣ್ಣಿಗೆ, ಕಾಲಿಗೆ ತಾಗದಂತೆ ರಸ್ತೆಯ ಬದಿಯ ಎಲೆಗಳ ತುದಿಯನ್ನು ಅಂಗುಲದಷ್ಟು ಕತ್ತರಿಸುತ್ತಿರಬೇಕು. ಬದುವಿನ ನೆತ್ತಿಗೆ ಲಕ್ಕಿ ಮತ್ತು ಆಡುಸೋಗೆ ಬರಲಿ. ಎರಡರ ಎಲೆಯ ಘಾಟಿಗೂ ಕಹಿಗೂ ದನ, ಮೇಕೆಗಳು ಬಾಯಿ ಹಾಕುವುದಿಲ್ಲ, ಎರಡೂ ಒಣಹವೆಯನ್ನು ತಡೆದುಕೊಳ್ಳುತ್ತವೆ, ಎರಡೂ ಮನೆಮದ್ದಿಗೆ ಬೇಕಾದವು. ಹೆಬ್ಬೆರಳು ದಪ್ಪದ, ಒಂದು ಅಡಿ ಉದ್ದದ ಕಡ್ಡಿಗಳನ್ನು ಅಡಿಗೊಂದರಂತೆ, ಮುಕ್ಕಾಲು ಭಾಗ ನೆಲದೊಳಗಿರುವಂತೆ ಊರಿದರೆ ಸಾಕು. ಒಂದು ಅಡಿ ಬೆಳೆದಾಗ ತುದಿ ಚಿವುಟಿ. ಚಿವುಟಲು ಮನಸ್ಸು ಬಾರದೆ ಮೇಲಕ್ಕೆ ಬಿಟ್ಟ ಬೇಲಿ ತಲೆಯಲ್ಲಿ ಮಾತ್ರ ಹಸಿರಾಗಿ ಬುಡದಲ್ಲಿ ಮೇಕೆ ನುಗ್ಗುವ ಕಿಂಡಿಯಾಗುತ್ತದೆ. ಸವರುವಾಗ ಬುಡ ಅಗಲ, ತಲೆ ಕಿರಿದಾಗಿರುವಂತೆ ನೋಡಿಕೊಂಡರೆ ಕೆಳಗಿನ ರೆಂಬೆಗಳಿಗೂ ಬಿಸಿಲು ಬಿದ್ದು ಬೇಲಿ ನೆಲದಿಂದಲೇ ದಟ್ಟವಾಗುತ್ತದೆ.

ಬೇಲಿಯ ಒಳಸಾಲಿನಲ್ಲಿ ನಾಲ್ಕು ಅಡಿಗೊಂದು ಗ್ಲಿರಿಸಿಡಿಯಾ ಕೊಂಬೆ ನೆಡುವುದು ಲಾಭದ ಕೆಲಸ. ಮುಂದೆ ಎರಡೆಳೆ ತಂತಿ ಕಟ್ಟುವುದಾದರೆ ಅದೇ ಕಂಬವಾಗುತ್ತದೆ, ಸವರಿದ ಸೊಪ್ಪು ಸಾರಜನಕ ತುಂಬಿದ ಹಸಿರು ಗೊಬ್ಬರವಾಗಿ ತೆಂಗಿನ ಪಾತಿಗೆ ಹೋಗುತ್ತದೆ. ಆದರೆ ಮೇಕೆಗೆ ಅದು ಪ್ರಿಯವಾದ ಮೇವು, ಹೊರಸಾಲು ಬೆಳೆಯುವ ತನಕ ಅದಕ್ಕೆ ಮುಳ್ಳು ಕಟ್ಟಬೇಕು. ಕಳ್ಳಿಯನ್ನು ರಸ್ತೆಯ ಅಂಚಿಗೆ ನಾನು ಸೂಚಿಸುವುದಿಲ್ಲ. ಅದರ ಹಾಲು ಕಣ್ಣಿಗೆ ಸಿಡಿದರೆ ಬಹಳ ಉರಿ, ದೃಷ್ಟಿಗೂ ಹಾನಿ. ಮೊದಲ ಬೇಸಿಗೆಯಲ್ಲಿ ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆಯನ್ನು ಬೋರಲಾಗಿ ಮುಚ್ಚಿದರೆ ತೇವ ನಿಲ್ಲುತ್ತದೆ, ಅದು ನಿಮ್ಮಲ್ಲಿ ಹೇಗೂ ಬೇಕಾದಷ್ಟಿರುತ್ತದೆ.

ಪ್ರಶ್ನೆ: ನಮ್ಮ ಮನೆಯ ಮುಂದೆ ತಂದೆಯವರು ನೆಟ್ಟ ಹೊಂಗೆ ಮರವಿದೆ. ಬೇರು ಎದ್ದು ಪಾದಚಾರಿ ಹಾದಿಯ ಕಲ್ಲುಗಳು ಏರುಪೇರಾಗಿವೆ. ಎಲೆ ಉದುರಿ ತಮ್ಮ ಅಂಗಳ ಹೊಲಸಾಗುತ್ತದೆಂದು ಪಕ್ಕದ ಮನೆಯವರು ಮರ ಕಡಿಸಬೇಕೆನ್ನುತ್ತಾರೆ. ನಮ್ಮ ಮರವಾದ್ದರಿಂದ ನಾವೇ ನಿರ್ಧರಿಸಬಹುದೇ?
(ಓದುಗರು, ಹಾಸನ)

ಉತ್ತರ: ನಿರ್ಧಾರ ನಿಮ್ಮೊಬ್ಬರದಲ್ಲ, ಪಕ್ಕದವರದೂ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ನಿವೇಶನದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯನ್ನು ಅರಣ್ಯ ಇಲಾಖೆಗೆ ಕೊಡಬೇಕಾಗುತ್ತದೆ. ಮರ ರಸ್ತೆಯ ಜಾಗದಲ್ಲಿದ್ದರೆ ಅದು ಸಾರ್ವಜನಿಕರ ಮರವೇ ಆಯಿತು.

ಕಡಿಯುವ ಅಗತ್ಯವೂ ಇದ್ದಂತಿಲ್ಲ. ಬೇರು ಮೇಲಕ್ಕೆ ಏಳುವುದಕ್ಕೆ ಬಹುಪಾಲು ಕಾರಣ ಬುಡದ ತನಕ ಹಾಕಿದ ಕಾಂಕ್ರೀಟು. ಕೆಳಗೆ ಗಾಳಿ, ನೀರು ಸಿಗದ ಬೇರು ಕಾಂಕ್ರೀಟಿನ ಅಡಿಯಲ್ಲಿ ನಿಲ್ಲುವ ತೇವವನ್ನು ಹುಡುಕಿಕೊಂಡು ಮೇಲ್ಪದರಕ್ಕೆ ಬರುತ್ತದೆ. ಮರದ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಆದೇಶಿಸಿತ್ತು, ಆ ಅಳತೆಯನ್ನೇ ನೀವೂ ಪಾಲಿಸಿ. ಎದ್ದ ಕಲ್ಲುಗಳನ್ನು ತೆಗೆಸಿ, ಬೇರಿನ ಮೇಲೆ ಮರಳು ಹಾಸಿ, ಸಣ್ಣ ಚಪ್ಪಡಿಗಳನ್ನು ಗಾರೆಯಿಲ್ಲದೆ ಸಂದಿ ಬಿಟ್ಟು ಕೂರಿಸಿದರೆ ನಡೆಯುವವರು ಎಡವುವುದು ತಪ್ಪುತ್ತದೆ. ಕಲ್ಲು ಸಮ ಮಾಡಲೆಂದು ತೋಳಿನಷ್ಟು ದಪ್ಪದ ಬೇರನ್ನು ಮಾತ್ರ ಕಡಿಸಬೇಡಿ. ಮರವನ್ನು ಗಾಳಿಗೆ ಎದುರಾಗಿ ಹಿಡಿದಿರುವುದು ಅಂತಹ ಬೇರುಗಳು, ಕಡಿದ ಎರಡು ಮೂರು ಮಳೆಗಾಲಗಳ ನಂತರ ಮರ ಬೀಳುವುದಕ್ಕೆ ಅದೇ ಕಾರಣವಾಗುತ್ತದೆ.

ನೆರೆಯವರ ಅಂಗಳದ ಕಡೆಗೆ ಚಾಚಿದ ಒಂದೆರಡು ಕೆಳಗೊಂಬೆಗಳನ್ನು ಚಳಿಗಾಲದ ಕೊನೆಯಲ್ಲಿ ತೆಗೆಸಿ. ಭಾರದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕಡಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಆದ್ದರಿಂದ ಕಾಂಡದಿಂದ ಒಂದು ಅಡಿ ಆಚೆ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ಗಾಯವಾಗದಂತೆ ಗರಗಸದಿಂದ ತೆಗೆಯಬೇಕು. ಉದುರಿದ ಹೊಂಗೆ ಎಲೆಯನ್ನು ವಾರಕ್ಕೊಮ್ಮೆ ನಿಮ್ಮ ಕಡೆಯಿಂದಲೇ ಗುಡಿಸಿ ತರುತ್ತೇವೆಂದು ಪಕ್ಕದವರಿಗೆ ಹೇಳಿ. ಅದು ಕಳಿತರೆ ಸೊಗಸಾದ ಗೊಬ್ಬರ. ಬೇಸಿಗೆಯಲ್ಲಿ ಆ ನೆರಳು ಅವರ ಗೋಡೆಯ ಮೇಲೂ ಬೀಳುತ್ತಿದೆಯೆಂಬುದನ್ನು ಮಾತಿನ ನಡುವೆ ನೆನಪಿಸಿದರೆ ತಪ್ಪಿಲ್ಲ.

ಪ್ರಶ್ನೆ: ಕಾಂಪೌಂಡಿನ ಉದ್ದಕ್ಕೂ ಹಾಕಿದ ಕೇಪಳದ ಸಾಲು ಮೊದಲು ಹಸಿರಾಗಿತ್ತು, ಈಗ ಎಲೆಗಳೆಲ್ಲ ಹಳದಿಯಾಗುತ್ತಿವೆ. ಗೊಬ್ಬರ ಹಾಕಿದಷ್ಟೂ ಹೆಚ್ಚುತ್ತಿದೆ. ಅಂಗಳದ ನಡುವಿನ ಕೇಪಳ ಚೆನ್ನಾಗಿಯೇ ಇದೆ.
(ಓದುಗರು, ಬೇಲೂರು)

ಉತ್ತರ: ರೋಗದ ಮೂಲವನ್ನು ನಿಮ್ಮ ಕೊನೆಯ ವಾಕ್ಯವೇ ಹೇಳುತ್ತಿದೆ. ಎಳೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಮತ್ತು ಹಳೆಯ ಎಲೆಗಳಿಗಿಂತ ತುದಿಯ ಎಲೆಗಳಲ್ಲಿ ಅದು ಹೆಚ್ಚಾಗಿದ್ದರೆ, ಅದು ಕಬ್ಬಿಣದ ಕೊರತೆ. ಕೇಪಳ ಹುಳಿ ಮಣ್ಣನ್ನು ಬಯಸುವ ಗಿಡ. ಗೋಡೆಯ ಸಿಮೆಂಟು, ಸುಣ್ಣದಿಂದ ಪ್ರತಿ ಮಳೆಗೂ ಕ್ಷಾರ ಇಳಿದು ಬುಡದ ಮಣ್ಣು ಸುಣ್ಣದ ಅಂಶ ಹೆಚ್ಚಿದ ಮಣ್ಣಾಗುತ್ತದೆ, ಆಗ ಕಬ್ಬಿಣವಿದ್ದರೂ ಬೇರು ಅದನ್ನು ಹೀರಲಾರದು. ನೀವು ಹಾಕುತ್ತಿರುವ ಗೊಬ್ಬರದೊಡನೆ ಬೂದಿಯನ್ನೂ ಹಾಕುವ ಅಭ್ಯಾಸವಿದ್ದರೆ ಕೂಡಲೇ ನಿಲ್ಲಿಸಿ, ಬೂದಿಯೂ ಕ್ಷಾರವೇ.

ಪರಿಹಾರವಾಗಿ, ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಹೊತ್ತಿನಲ್ಲಿ ಎಲೆಗಳಿಗೆ ಸಿಂಪಡಿಸಿ. ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಸಾಕು. ಬಿಳಿ ಗೋಡೆಗೆ, ನೆಲದ ಕಲ್ಲಿಗೆ ತಾಗಿದರೆ ತುಕ್ಕಿನ ಕಲೆ ಉಳಿಯುತ್ತದೆ, ಗೋಣಿತಾಟು ಅಡ್ಡ ಹಿಡಿಯಿರಿ. ಇದು ತಾತ್ಕಾಲಿಕ ಉಪಾಯ. ಮಳೆಗಾಲದಲ್ಲಿ ಸಾಲನ್ನು ಗೋಡೆಯಿಂದ ಒಂದೂವರೆ ಅಡಿ ಈಚೆಗೆ ತಂದು, ಕಾಡಿನ ಎಲೆಗೊಬ್ಬರ ಅಥವಾ ಕಾಫಿ ಸಿಪ್ಪೆಯ ಕಳಿತ ಗೊಬ್ಬರ ಸೇರಿಸಿದ ಮಣ್ಣಿನಲ್ಲಿ ನೆಡುವುದು ಶಾಶ್ವತ ಉಪಾಯ. ಹಳದಿಯಾಗಿರುವ ಎಲೆಗಳೆಲ್ಲ ಪೂರ್ತಿ ಹಸಿರಾಗುತ್ತವೆಂದು ಕಾಯಬೇಡಿ, ಹೊಸ ಚಿಗುರಿನ ಬಣ್ಣವನ್ನು ನೋಡಿ ಅಳೆಯಿರಿ.

ಪ್ರಶ್ನೆ: ಗೇಟಿನ ಹೊರಗೆ ಹುಲ್ಲುಹಾಸಿನಂತೆ ನೆಲ ಮುಚ್ಚುವ ಗಿಡ ಬೇಕು. ಹಳದಿ ಹೂವಿನ ವೆಡೇಲಿಯಾ ಹಾಕಬಹುದೇ? ಸಸಿಗಳನ್ನು ಎಲ್ಲಿಂದ ತರಬೇಕು?
(ಓದುಗರು, ಸಕಲೇಶಪುರ)

ಉತ್ತರ: ವೆಡೇಲಿಯಾ ಬೇಡ. ಸಕಲೇಶಪುರದ ತೇವದಲ್ಲಿ ಅದು ಚರಂಡಿಯ ಗುಂಟ ಹಬ್ಬಿ ಹಳ್ಳ, ಗದ್ದೆಯ ಬದುಗಳನ್ನು ಹಿಡಿಯುತ್ತದೆ, ಗಂಟು ಗಂಟಿಗೂ ಬೇರು ಬಿಡುವುದರಿಂದ ಕಿತ್ತು ಮುಗಿಸುವುದು ಕಷ್ಟ. ಅದೇ ರೀತಿ ನೆಲ ಮುಚ್ಚಿ ಹಳದಿ ಹೂ ಬಿಡುವ, ಶೇಂಗಾದ ಬಳಗಕ್ಕೆ ಸೇರಿದ ಪಿಂಟೋ ಶೇಂಗಾ ಹಾಕಿ. ಅದು ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಅಂಚಿನ ಕಲ್ಲನ್ನು ದಾಟಿದ ಬಳ್ಳಿಯನ್ನು ತಿಂಗಳಿಗೊಮ್ಮೆ ಸವರಿದರೆ ಸಾಕು.

ಸಸಿಗಳಿಗೆ ಮೊದಲು ತೋಟಗಾರಿಕೆ ಇಲಾಖೆಯ ಮತ್ತು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಿ. ಮೂಡಿಗೆರೆಯ ತೋಟಗಾರಿಕಾ ಕಾಲೇಜು ನಿಮಗೆ ದೂರವಲ್ಲ, ಅಲ್ಲಿಯೂ ಸಲಹೆ ಕೇಳಬಹುದು. ಎಲ್ಲಿಂದ ತಂದರೂ ಎತ್ತರ ನೋಡಿ ಮರುಳಾಗದೆ, ಚೀಲದ ಅಡಿಯನ್ನು ತಿರುಗಿಸಿ ನೋಡಿ. ಬೇರು ಚೀಲದೊಳಗೆ ಸುರುಳಿ ಸುತ್ತಿಕೊಂಡು ಹೊರಗೆ ಇಣುಕುತ್ತಿದ್ದರೆ ಆ ಸಸಿಗೆ ವಯಸ್ಸಾಗಿದೆ. ಅಂಥದ್ದನ್ನೇ ತರಬೇಕಾಗಿ ಬಂದರೆ, ನೆಡುವಾಗ ಪ್ಲಾಸ್ಟಿಕ್ಕನ್ನು ಪೂರ್ತಿ ಸೀಳಿ ತೆಗೆದು, ಸುರುಳಿಯಾದ ಬೇರಿನ ತುದಿಯನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ, ಉಳಿದ ಬೇರನ್ನು ಕೈಯಿಂದ ಬಿಡಿಸಿ ನೆಡಿ.